ಹೊಳವಾದ ಒಂದು ಗಳಿಗೆ

ಪುಷ್ಯ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಗಾಳಿಬೀಡಿನ ಆಚೆಗಿನ ಒಂದು ಏಲಕ್ಕಿ ತೋಟ. ಬೆಳಗಿನ ಐದೂವರೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಜಿಗಣೆ ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಉಜ್ಜಿಕೊಂಡು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತಿದ್ದೆ. ಏಲಕ್ಕಿ ಹೂ ನೋಡಬೇಕೆಂದರೆ ಹೀಗೆ ಬಗ್ಗಲೇಬೇಕು. ಗಿಡ ಆಳೆತ್ತರ ಮೀರಿ ಬೆಳೆದಿರುತ್ತದೆ, ಹೂ ಮಾತ್ರ ನೆಲದ ಮೇಲೆ. ಬುಡದಿಂದ ಹೊರಟ ಹೂಗೊಂಚಲು ತರಗೆಲೆಯ ಮೇಲೆ ಬಳ್ಳಿಯ ಹಾಗೆ ಹರಿದುಕೊಂಡು ಹೋಗುತ್ತದೆ. ಕೊಡಗಿನಲ್ಲಿ ಹಿಂದಿನಿಂದ ಬಂದಿರುವ ಮಲಬಾರ್ ತಳಿಯ ಗುಣ ಇದು. ಮೈಸೂರು ತಳಿಯಲ್ಲಿ ಗೊಂಚಲು ನೆಟ್ಟಗೆ ನಿಲ್ಲುತ್ತದೆ. ವಳುಕ್ಕ ಎಂಬುದು ಇವೆರಡರ ನಡುವಿನದು.

ಟಾರ್ಚ್ ಬೆಳಕಿಗೆ ಕಂಡದ್ದು ಆಗಲೇ ಅರಳಿ ಮುಗಿಸಿದ್ದ ಹೂ. ಏಲಕ್ಕಿ ನಮ್ಮ ನಿದ್ದೆಯ ಹೊತ್ತಿನಲ್ಲಿ ಅರಳುತ್ತದೆ, ಬೆಳಗಿನ ಜಾವ ನಾಲ್ಕರ ಆಸುಪಾಸಿನಿಂದ ಶುರು. ಅಚ್ಚ ಬಿಳಿಯ ಅಗಲ ತುಟಿಯೊಂದು ಮುಂದಕ್ಕೆ ಚಾಚಿರುತ್ತದೆ, ಅದರ ನಡುವಿನಿಂದ ಅಂಚಿನ ಕಡೆಗೆ ನೇರಳೆ ಗೆರೆಗಳು. ಯಾರೋ ಸಣ್ಣ ಕುಂಚದಲ್ಲಿ ಎಳೆದ ಹಾಗೆ. ಇದನ್ನು ದಳವೆಂದು ತಿಳಿದರೆ ತಪ್ಪಾಗುತ್ತದೆ. ನಿಜವಾದ ದಳಗಳು ಹಿಂದೆ, ಹಸಿರು ಮಿಶ್ರಿತ ಬಿಳಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಇರುತ್ತವೆ. ಮುಂದೆ ಮೆರೆಯುವ ತುಟಿ ಪರಾಗ ಕೊಡುವುದನ್ನು ಬಿಟ್ಟುಕೊಟ್ಟ ಕೇಸರಗಳು ಒಂದುಗೂಡಿ ಆದದ್ದು. ಶುಂಠಿ, ಅರಿಸಿನ, ಏಲಕ್ಕಿ ಎಲ್ಲ ಒಂದೇ ಕುಟುಂಬ, ಆ ಕುಟುಂಬದಲ್ಲೇ ಈ ಪದ್ಧತಿ. ಇರುವ ಕೇಸರಗಳಲ್ಲಿ ಒಂದು ಮಾತ್ರ ಪರಾಗದ ಕೆಲಸ ಉಳಿಸಿಕೊಂಡಿದೆ. ಉಳಿದವು ಜೇನಿಗೆ ಜಗಲಿಯಾದವು ಎಂದರೆ ಅತಿಶಯವಲ್ಲ, ಏಕೆಂದರೆ ಹುಳು ಬಂದು ಇಳಿಯುವುದು ಈ ತುಟಿಯ ಮೇಲೆ, ದಾರಿ ಹಿಡಿಯುವುದು ಆ ನೇರಳೆ ಗೆರೆಗಳ ಜಾಡಿನಲ್ಲಿ.

ಬೆಳಕು ಹರಿದ ಮೇಲೆ, ಆರು ಗಂಟೆ ಕಳೆಯುತ್ತ, ಪರಾಗಕೋಶ ಬಿರಿಯಲು ತೊಡಗುತ್ತದೆ. ಎರಡು ಸೀಳು, ಒಳಗೆ ಬಿಳಿ ಹಿಟ್ಟು. ಎಂಟರಿಂದ ಮಧ್ಯಾಹ್ನದವರೆಗೆ ಹೂ ಪರಾಗ ಸ್ವೀಕರಿಸಲು ಹದವಾಗಿರುತ್ತದೆ. ಆಮೇಲೆ ಪರಾಗದ ಸತ್ವ ಬೇಗ ಬೇಗ ಇಳಿಯುತ್ತದೆ. ಸಂಜೆಗೆ ಹೂ ಬಾಡಿ ಮುದುಡುತ್ತದೆ. ಮರುದಿನ ಅದು ಇಲ್ಲ. ಏಲಕ್ಕಿ ಹೂವಿನ ಆಯುಸ್ಸು ಒಂದು ಹಗಲು, ಅದರಲ್ಲೂ ಲೆಕ್ಕಕ್ಕೆ ಬರುವುದು ಒಂದು ಮುಂಜಾನೆ.

ಆ ಮುಂಜಾನೆ ಮಳೆ ಸುರಿಯುತ್ತಿದ್ದರೆ?

ಕೊಡಗಿನಲ್ಲಿ ಏಲಕ್ಕಿ ಹೂ ಬಿಡುವ ಕಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಚಾಚಿದೆ, ಆದರೆ ಅದರ ಭರ ಜೂನ್‌ನಿಂದ ಆಗಸ್ಟ್. ಕೊಡವರ ಲೆಕ್ಕದಲ್ಲಿ ಕಕ್ಕಡ ತಿಂಗಳು ಇದರ ನಡುವೆಯೇ ಬರುತ್ತದೆ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡಿ ಉಣ್ಣುವ, ಹೊರಗೆ ಕಾಲಿಡಲಾಗದ ಮಳೆಯ ತಿಂಗಳು. ಭಾಗಮಂಡಲದ ಕಡೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಬೀಳುವುದುಂಟು, ಅದರ ದೊಡ್ಡ ಪಾಲು ಈ ಮೂರು ತಿಂಗಳಲ್ಲೇ. ಹುಳು ಬರದೆ ಕಾಯಿ ಕಟ್ಟದ ಗಿಡವೊಂದು, ಹುಳು ಗೂಡಿನಿಂದ ಹೊರಬೀಳಲಾಗದ ಕಾಲವನ್ನೇ ಹೂವಿಗೆ ಆರಿಸಿಕೊಂಡಿದೆ. ಇದು ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಇದಕ್ಕೆ ಅರ್ಧ ಉತ್ತರ ಹೂ ಬಿಡುವ ಕ್ರಮದಲ್ಲಿದೆ, ಇನ್ನರ್ಧ ಒಂದು ಜೇನುಹುಳುವಿನಲ್ಲಿದೆ.

ಮೊದಲು ಕ್ರಮದ ಮಾತು. ಅದನ್ನು ತಿಳಿಯಲು ಬೇಲಿಯಾಚೆಯ ಕಾಫಿಯನ್ನು ನೋಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಘಮ ರಸ್ತೆಯ ತನಕ ಬರುತ್ತದೆ. ಎರಡು ಮೂರು ದಿನ, ಮುಗಿಯಿತು. ವರ್ಷದ ಗಳಿಕೆಯನ್ನೆಲ್ಲ ಒಂದೇ ಸಂತೆಗೆ ಹೊತ್ತೊಯ್ಯುವ ರೀತಿ ಕಾಫಿಯದು. ಆ ಸಂತೆಗೆ ಗಿರಾಕಿಗಳು ಎಲ್ಲ ಕಡೆಯಿಂದ ಬರುತ್ತಾರೆ. ರೊಬಸ್ಟಾ ಕಾಫಿಗೆ ತನ್ನ ಪರಾಗ ತನಗಾಗದು, ಬೇರೆ ಗಿಡದ್ದೇ ಬೇಕು. ಗಾಳಿಯೂ ತರುತ್ತದೆ, ಜೇನೂ ತರುತ್ತದೆ. ಸ್ಮಿತಾ ಕೃಷ್ಣನ್, ಪೊನ್ನಂಪೇಟೆ ಅರಣ್ಯ ಮಹಾವಿದ್ಯಾಲಯದ ಸಿ.ಜಿ. ಕುಶಾಲಪ್ಪ ಮತ್ತು ಅವರ ಸಂಗಡಿಗರು ಕೊಡಗಿನ ಕಾಫಿ ತೋಟಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಫಿ ಹೂವಿನ ಮುಖ್ಯ ಅತಿಥಿಗಳಾಗಿ ಕಂಡವು ಮೂರು: ಹೆಜ್ಜೇನು, ತುಡುವೆ, ಮತ್ತು ಕುಟುಕದ ನಸರಿ ಜೇನು. ಅದರಲ್ಲಿ ಮುಂದಾಳು ಹೆಜ್ಜೇನು.

ಏಲಕ್ಕಿ ಇದಕ್ಕೆ ತದ್ವಿರುದ್ಧ. ಹೂಗೊಂಚಲು ಜನವರಿಯಿಂದ ಬುಡದಲ್ಲಿ ಮೂಡತೊಡಗುತ್ತದೆ, ನಿಧಾನವಾಗಿ ಉದ್ದವಾಗುತ್ತದೆ. ಗೊಂಚಲಿನ ಒಂದೊಂದು ಗಿಣ್ಣಿನಲ್ಲೂ ಮೊಗ್ಗುಗಳ ಪುಟ್ಟ ಗುಂಪು. ಆ ಗುಂಪಿನಲ್ಲಿ ಮೊಗ್ಗುಗಳು ಒಟ್ಟಿಗೆ ಅರಳುವುದಿಲ್ಲ, ಸರದಿಯಲ್ಲಿ ಒಂದಾದ ಮೇಲೆ ಒಂದು. ಅರಳುವುದು ಬುಡದಿಂದ ಶುರುವಾಗಿ ತುದಿಯ ಕಡೆಗೆ ಸಾಗುತ್ತದೆ. ಒಂದು ಗೊಂಚಲಿನಲ್ಲಿ ದಿನಕ್ಕೆ ಬೆರಳೆಣಿಕೆಯ ಹೂ. ಆದರೆ ಅದು ತಿಂಗಳುಗಟ್ಟಲೆ ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ನೋಡಿದರೆ ಒಂದೇ ಗೊಂಚಲಿನ ಬುಡದಲ್ಲಿ ಬಲಿತ ಕಾಯಿ, ನಡುವೆ ಎಳೆಕಾಯಿ, ತುದಿಯಲ್ಲಿ ಇವತ್ತಿನ ಹೂ. ಹೂ ಕಾಯಾಗಿ ಬಲಿಯಲು ನಾಲ್ಕು ತಿಂಗಳ ಹತ್ತಿರ ಬೇಕು. ಹಾಗಾಗಿ ಏಲಕ್ಕಿಯನ್ನು ಒಂದೇ ಸಲ ಕೊಯ್ಯಲಾಗುವುದಿಲ್ಲ, ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು, ಬಗ್ಗಬೇಕು.

ದಿನಕ್ಕೆ ನಾಲ್ಕೇ ನಾಲ್ಕು ಕಾಸು ಪಣಕ್ಕಿಡುವವನು ಒಂದು ದಿನ ಸೋತರೆ ಮುಳುಗುವುದಿಲ್ಲ. ಮಳೆ ಬಿಡದ ದಿನ ಅರಳಿದ ಹೂ ಉದುರಿ ಹೋಗುತ್ತದೆ, ನಾಳೆಗೆ ಬೇರೆ ಹೂ ಇದೆ, ನಾಡಿದ್ದಕ್ಕೆ ಮತ್ತೊಂದು. ಯಾವ ಬೆಳಿಗ್ಗೆ ಮಳೆ ಬಿಟ್ಟೀತೆಂದು ಗಿಡಕ್ಕೆ ಗೊತ್ತಿಲ್ಲ, ಅದಕ್ಕೇ ಎಲ್ಲ ಬೆಳಗನ್ನೂ ಅದು ಒಂದಿಷ್ಟು ಕಾಯುತ್ತದೆ. ಮಲೆನಾಡಿನಲ್ಲಿ ಮಳೆ ಬಿಡುವು ಕೊಟ್ಟು ತುಸು ಬೆಳಕಾದರೆ ಹೊಳವಾಯಿತು ಎನ್ನುತ್ತಾರೆ. ಏಲಕ್ಕಿ ಬೆಳೆಯೆಂದರೆ ಇಂಥ ಹೊಳವುಗಳ ಮೊತ್ತ ಎಂದು ನಾನು ತಿಳಿದಿದ್ದೇನೆ.

ಅದೇ ತೋಟದ ಮರಕ್ಕೆ ಹಬ್ಬಿದ ಕರಿಮೆಣಸನ್ನು ನೋಡಿ. ಅದೂ ಮಳೆ ಹಿಡಿದ ಮೇಲೆಯೇ ಗೆರೆ (ಹೂತೆನೆ) ಬಿಡುವುದು, ಅದರ ಹೂವೂ ಇದೇ ಜೂನ್, ಜುಲೈನಲ್ಲಿ. ಆದರೆ ಅದಕ್ಕೆ ಜೇನಿನ ಹಂಗು ಅಷ್ಟಿಲ್ಲ. ಜೋತುಬಿದ್ದ ಗೆರೆಯ ಮೇಲಿಂದ ಹನಿ ಇಳಿಯುವಾಗ ಪರಾಗವೂ ಜೊತೆಗೆ ಇಳಿದು ಕೆಳಗಿನ ಹೂಗಳನ್ನು ಮುಟ್ಟುತ್ತದೆ. ಒಂದೇ ಮಳೆ ಮೆಣಸಿಗೆ ದೂತ, ಏಲಕ್ಕಿಗೆ ಅಡ್ಡಿ. ಬಯಲುಸೀಮೆಯ ಕೊತ್ತಂಬರಿ, ಉತ್ತರದ ಜೀರಿಗೆ, ಸೋಂಪುಗಳ ಕತೆ ಇನ್ನೂ ಬೇರೆ. ಬೀಜದ ಸಾಂಬಾರಗಳೆಂದು ಕರೆಯುವ ಈ ಬೆಳೆಗಳಿಗೆಂದೇ ರಾಜಸ್ಥಾನದ ಅಜ್ಮೇರದಲ್ಲಿ 2000ದಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ತೆರೆದರು. ಅವುಗಳ ಹೂ ಕೊಡೆಯ ಆಕಾರದ ಗೊಂಚಲು, ಮಕರಂದ ತಟ್ಟೆಯಲ್ಲಿಟ್ಟ ಹಾಗೆ ತೆರೆದುಕೊಂಡಿರುತ್ತದೆ. ಜೇನು, ನೊಣ, ಜೀರುಂಡೆ, ಯಾರು ಬಂದರೂ ಉಣ್ಣಬಹುದು. ಒಣ ಚಳಿಗಾಲದ ಬಿಸಿಲಿನಲ್ಲಿ ಅರಳುವ ಹೂವಿಗೆ ಅಷ್ಟು ಧಾರಾಳತನ ಸಾಕು. ಏಲಕ್ಕಿಯದು ತಟ್ಟೆಯಲ್ಲ, ಕೊಳವೆ.

ಆ ಕೊಳವೆಯ ವಿಷಯಕ್ಕೆ ಬರುತ್ತೇನೆ. ಏಲಕ್ಕಿಯ ಇಡೀ ಕತೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಉದುರಿದ ಒಂದು ಹೂವನ್ನು ಕೈಗೆ ತೆಗೆದುಕೊಂಡು ಹಿಂಬದಿ ನೋಡಿದರೆ ಬೆಳ್ಳನೆಯ ತೆಳು ನಳಿಗೆಯೊಂದು ಕಾಣುತ್ತದೆ. ಸುಮಾರು 23 ಮಿಲಿಮೀಟರ್ ಉದ್ದ. ಉಗುರಿನಲ್ಲಿ ಮೆಲ್ಲಗೆ ಸೀಳಿದರೆ ಒಳಗೆ ಅದರ ಉದ್ದಕ್ಕೂ ದಾರದಂಥ ಒಂದು ಎಳೆ: ಹೆಣ್ಣು ಭಾಗದ ಶಲಾಕೆ. ಕೆಳಗೆ ಅಂಡಾಶಯದಿಂದ ಹೊರಟು, ನಳಿಗೆಯೊಳಗೆ ಹಾದು, ಮೇಲೆ ಪರಾಗಕೋಶದ ಎರಡು ಹೋಳುಗಳ ನಡುವಿನಿಂದ ತಲೆ ಹೊರಗೆ ಹಾಕುತ್ತದೆ. ಮಕರಂದ ಒಸರುವುದು ನಳಿಗೆಯ ತಳದಲ್ಲಿ. ತುಡುವೆ, ಹೆಜ್ಜೇನುಗಳ ನಾಲಗೆ ಅಳೆದರೆ ಐದು ಮಿಲಿಮೀಟರಿನ ಆಸುಪಾಸು. ಬಾವಿಯ ಆಳ ಇಷ್ಟು, ಹಗ್ಗ ಅಷ್ಟೇ. ಲೆಕ್ಕದ ಪ್ರಕಾರ ಜೇನಿಗೆ ಏಲಕ್ಕಿ ಹೂವಿನಲ್ಲಿ ಲಾಭವೇ ಇಲ್ಲ, ಒಂದೆರಡು ಹೂ ನೋಡಿ ಬಿಟ್ಟುಬಿಡಬೇಕಿತ್ತು. ಆದರೂ ಅವು ಹೂವಿಂದ ಹೂವಿಗೆ ಹೋಗುತ್ತಲೇ ಇರುತ್ತವೆ, ಹೊಟ್ಟೆ ತುಂಬಿಕೊಂಡೇ ಮರಳುತ್ತವೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞ ವಾಸುಕಿ ಬೆಳವಾಡಿ ಮತ್ತು ಸಂಗಡಿಗರು ಈ ಗಂಟನ್ನು ಬಿಡಿಸಿ 1997ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹುಳು ಬಂದು ಹೋದ ಮೇಲೆ ನಳಿಗೆಯಲ್ಲಿ ಮಕರಂದ ಎಷ್ಟು ಇಳಿದಿದೆ ಎಂದು ಅಳೆದರೆ, ನಾಲಗೆಯ ಉದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳದ್ದನ್ನು ಅದು ಕುಡಿದಿರುತ್ತದೆ, ಸರಾಸರಿ 11 ಮಿಲಿಮೀಟರಿನಷ್ಟು. ಗುಟ್ಟು ಇರುವುದು ಆ ಎಳೆಯಲ್ಲಿ. ನಳಿಗೆಯ ಗೋಡೆಗೂ ಶಲಾಕೆಗೂ ನಡುವಿನ ಸಂದು ಎಷ್ಟು ಕಿರಿದೆಂದರೆ, ಮೇಲಿನದನ್ನು ಹೀರಿದಂತೆಲ್ಲ ಕೆಳಗಿನ ಮಕರಂದ ತಾನಾಗಿ ಮೇಲೇರುತ್ತದೆ. ಹಣತೆಯ ಬತ್ತಿಯಲ್ಲಿ ಎಣ್ಣೆ ಏರುವುದಕ್ಕೂ ಇದಕ್ಕೂ ಮೂಲ ಒಂದೇ. ಶಲಾಕೆ ಇಲ್ಲದ ನಳಿಗೆಯಲ್ಲಾದರೆ ಹುಳು ತನ್ನ ನಾಲಗೆ ಮುಟ್ಟುವಷ್ಟನ್ನೇ ಕುಡಿಯಬಲ್ಲದು. ಗಿಡದ ಬಸಿರಿಗೆ ಪರಾಗವನ್ನು ದಾಟಿಸುವ ದಾರಿಯೇ ಜೇನಿಗೆ ಮಕರಂದವನ್ನು ಎತ್ತಿಕೊಡುವ ಬತ್ತಿಯೂ ಆಗಿದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ನಮ್ಮ ಕಾಲ ಬುಡದಲ್ಲೇ ಅರಳುವ ಹೂ, ನಾವು ಸಾವಿರ ಸಲ ದಾಟಿಕೊಂಡು ಹೋದ ಹೂ.

ಹುಳು ಕೆಲಸ ಮಾಡುವ ಪರಿಯನ್ನು ಹತ್ತಿರದಿಂದ ನೋಡಿದರೆ ಪರಾಗ ದಾಟುವುದೂ ತಿಳಿಯುತ್ತದೆ. ಆ ದಿನ ಒಂಬತ್ತೂವರೆಯ ಹೊತ್ತಿಗೆ ಮಳೆ ಹನಿಹನಿಯಾಯಿತು, ಮರದ ಎಲೆಯಿಂದ ತೊಟ್ಟಿಕ್ಕುವುದಷ್ಟೇ ಉಳಿಯಿತು. ಹೊಳವಾಗಿ ಐದು ನಿಮಿಷವಾಗಿರಲಿಲ್ಲ, ಮೊದಲ ತುಡುವೆ ಬಂತು. ಮೈಯ ಕಪ್ಪು-ಹಳದಿ ಪಟ್ಟೆ ಒದ್ದೆಯಾಗಿ ಹೊಳೆಯುತ್ತಿತ್ತು. ತುಟಿಯ ಮೇಲೆ ಇಳಿದು, ಗೆರೆ ಹಿಡಿದು ಒಳನುಗ್ಗಿತು. ನಳಿಗೆಯ ಬಾಯಿಗೆ ಮುಖ ಕೊಡಬೇಕೆಂದರೆ ಕೇಸರದ ಕೆಳಗೆ ನುಸುಳಲೇಬೇಕು. ಆಗ ಪರಾಗಕೋಶ ಅದರ ಬೆನ್ನಿಗೆ ಒತ್ತಿತು, ಹೊರಬರುವಾಗ ಬೆನ್ನಿನ ರೋಮಗಳಲ್ಲಿ ಬಿಳಿ ಹಿಟ್ಟು. ಮುಂದಿನ ಹೂವಿನಲ್ಲಿ ಅದೇ ಬೆನ್ನು ಮೊದಲು ಸವರುವುದು ಮುಂದೆ ಚಾಚಿರುವ ಶಲಾಕೆಯ ತುದಿಯನ್ನು. ಏಲಕ್ಕಿಗೆ ತನ್ನ ಪರಾಗ ಆಗದೆಂದಲ್ಲ, ಆಗುತ್ತದೆ. ಆದರೆ ಶಲಾಕೆಯ ತುದಿ ಪರಾಗಕೋಶಕ್ಕಿಂತ ಮೇಲಿರುವುದರಿಂದ ಹೂವಿನೊಳಗೆ ಪರಾಗ ತಾನಾಗಿ ಅಲ್ಲಿಗೆ ತಲುಪುವುದಿಲ್ಲ. ಅರ್ಧ ಸೆಂಟಿಮೀಟರೂ ಇಲ್ಲದ ಆ ದೂರಕ್ಕೆ ಒಂದು ಹುಳು ಬೇಕು. ಗೊಂಚಲಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಹುಳುವನ್ನು ತಡೆದು ನೋಡಿ, ಕಾಯಿ ನಿಲ್ಲುವುದು ತೀರಾ ಅಪರೂಪ. ಶಾಲೆಯ ಮಕ್ಕಳೂ ಮಾಡಬಹುದಾದ ಪ್ರಯೋಗ ಇದು.

ತುಡುವೆಯ ಹಿಂದೆಯೇ ನಸರಿ ಜೇನೂ ಬಂತು, ಎಳ್ಳುಕಾಳಿಗಿಂತ ತುಸು ದೊಡ್ಡದು. ಅದು ಮಕರಂದದ ಗೋಜಿಗೆ ಹೋಗದೆ ನೇರ ಪರಾಗಕೋಶದ ಮೇಲೆ ಕೂತು ಕೆರೆದು ಕೆರೆದು ಕಾಲಿಗೆ ಮೆತ್ತಿಕೊಂಡಿತು. ಶಲಾಕೆಯ ತುದಿಗೆ ತಾಗಿದರೆ ಉಪಕಾರ, ಇಲ್ಲದಿದ್ದರೆ ಹೂವಿಗೆ ನಷ್ಟ. ಹುಳು ಹೂವಿನ ಮೇಲೆ ಕೂತದ್ದನ್ನೆಲ್ಲ ಪರಾಗಸ್ಪರ್ಶವೆಂದು ಎಣಿಸಬಾರದು. ಸಿಕ್ಕಿಂನ ದೊಡ್ಡ ಏಲಕ್ಕಿಯಲ್ಲಿ ಪಾಲತ್ತಿ ಅಲ್ಲೇಶ್ ಸಿನು ಮತ್ತು ಕೆ.ಆರ್. ಶಿವಣ್ಣ ಕಂಡದ್ದು ಇದನ್ನೇ: ಅಲ್ಲಿ ಜೇನುಹುಳುಗಳು ಸಂಖ್ಯೆಯಲ್ಲಿ ಹೆಚ್ಚಿದ್ದರೂ ಪರಾಗ ಕದ್ದು ಹೋಗುವವು, ಕಾಯಿ ಕಟ್ಟಿಸುವ ಕೆಲಸ ದಪ್ಪ ಮೈಯ, ರೋಮ ತುಂಬಿದ ಬಂಬಲ್ ದುಂಬಿಯದು.

ನಮ್ಮ ಏಲಕ್ಕಿಯ ಮೂಲ ಒಡನಾಡಿಯೂ ಜೇನುಹುಳುವಲ್ಲ. ಪಶ್ಚಿಮ ಘಟ್ಟದ ಕಾಡು ಏಲಕ್ಕಿಯನ್ನೂ ತೋಟದ ಏಲಕ್ಕಿಯನ್ನೂ ಹೋಲಿಸಿ ಕುರಿಯಾಕೋಸ್, ಸಿನು ಮತ್ತು ಶಿವಣ್ಣ 2009ರಲ್ಲಿ ಬರೆದ ಲೇಖನ ಒಂದು ದೊಡ್ಡ ಸಂಗತಿಯನ್ನು ಮುಂದಿಟ್ಟಿತು. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಬುಡ, ಪ್ರತಿ ಬುಡದಲ್ಲಿ ಕೆಲವೇ ಹೂ. ಅಲ್ಲಿಗೆ ಬರುವುದು ಒಂಟಿ ಬಾಳಿನ ದುಂಬಿಗಳು, ಅಮೆಜಿಲ್ಲಾ ಮತ್ತು ಎಲೆ ಕತ್ತರಿಸುವ ಮೆಗಾಕೈಲ್ ಜಾತಿಯವು. ಗೂಡಿನ ಸಾವಿರ ಬಾಯಿ ತುಂಬಿಸುವ ಹೊರೆ ಇಲ್ಲದ ಇವಕ್ಕೆ ಚದುರಿದ ಹೂ ಸಾಕು. ಮನುಷ್ಯ ಏಲಕ್ಕಿಯನ್ನು ಒತ್ತೊತ್ತಾಗಿ ನೆಟ್ಟ, ಹೆಚ್ಚು ಗೊಂಚಲಿನ ಗಿಡವನ್ನೇ ಆರಿಸುತ್ತ ಬಂದ, ಹೂವೂ ಮಕರಂದವೂ ರಾಶಿಯಾಯಿತು. ಆಗ ಬಂದವು ಗುಂಪಿನ ಹುಳುಗಳು: ತುಡುವೆ, ಹೆಜ್ಜೇನು, ನಸರಿ. ಗಿಡವನ್ನು ಪಳಗಿಸಿದ್ದು ನಾವು. ಗಿಡ ಅದಕ್ಕೆ ತಕ್ಕ ಹಾಗೆ ತನ್ನ ಸಂಗಾತಿಯನ್ನು ಬದಲಿಸಿಕೊಂಡಿತು.

ಕೊಡಗಿನಲ್ಲಿ ಈ ಪಳಗಿಸುವಿಕೆ ಬಹಳ ಹಿಂದೆ ನಡೆದದ್ದೇನಲ್ಲ. ಘಟ್ಟದ ಅಂಚಿನ ಕಾಡಿನಲ್ಲಿ ಏಲಕ್ಕಿ ಮಲೆಗಳೆಂದು ಗುರುತಿಸಿದ ಜಾಗಗಳಿದ್ದವು. ಜಿ. ರಿಕ್ಟರ್ 1870ರ ತನ್ನ ಕೊಡಗಿನ ಕೈಪಿಡಿಯಲ್ಲಿ ಆ ಪದ್ಧತಿಯನ್ನು ದಾಖಲಿಸಿದ್ದಾನೆ. ಏಲಕ್ಕಿ ಬಿತ್ತುತ್ತಿರಲಿಲ್ಲ. ಪೊದೆ ಸವರಿ ಒಂದು ಹೆಮ್ಮರವನ್ನು ಉರುಳಿಸುತ್ತಿದ್ದರು. ಮರ ಬಿದ್ದ ಏಟಿಗೆ ನೆಲ ನಡುಗಿ ಏಲಕ್ಕಿ ಹುಟ್ಟುತ್ತದೆಂಬುದು ನಂಬಿಕೆ. ಮಣ್ಣಿನಲ್ಲಿ ಹುದುಗಿದ್ದ ಬೀಜಕ್ಕೆ ಮರ ಬಿದ್ದ ಕಂಡಿಯಿಂದ ಬೆಳಕು ಸಿಕ್ಕಿತೆಂಬುದು ವಿವರಣೆ. ನನಗೆ ಆ ನಂಬಿಕೆಯ ಬಗ್ಗೆ ಗೌರವವಿದೆ, ಏಕೆಂದರೆ ಅದನ್ನು ಕಟ್ಟಿದವರು ಕಾಡಿನಲ್ಲಿ ಏನು ನಡೆಯುತ್ತದೆಂಬುದನ್ನು ಸರಿಯಾಗಿ ನೋಡಿದ್ದರು. ಇಂಥ ಮಲೆಯಲ್ಲಿ ಸುತ್ತಲೂ ಹಳೆಯ ಮರ, ಮರದಲ್ಲಿ ಪೊಟರೆ, ಪೊಟರೆಯಲ್ಲಿ ತುಡುವೆ. ಹೂವಿಗೂ ಹುಳುವಿಗೂ ನಡುವೆ ಕೂಗಳತೆಯ ದೂರ.

ಈಗ ಮಳೆಗಾಲದಲ್ಲಿ ಉಳಿಯುವ ಹುಳು ಯಾವುದು ಎಂಬ ಮಾತು. ಹೆಜ್ಜೇನು ವಲಸೆಯ ಹುಳು. ಚಳಿಗಾಲದಲ್ಲಿ ಬಯಲಿನಿಂದ ಬಂದು ಎತ್ತರದ ಮರಗಳಲ್ಲಿ ತೂಗುಹಾಕಿದ ಹಾಗೆ ಹಟ್ಟಿ ಕಟ್ಟುತ್ತದೆ, ಕಾಫಿ ಹೂವಿಗೆ, ನೇರಳೆ, ಮತ್ತಿ ಹೂವಿಗೆ ಇರುತ್ತದೆ. ಬಟ್ಟಬಯಲಲ್ಲಿ ನೇತಾಡುವ ಆ ಒಂದೇ ಹಟ್ಟಿಗೆ ಕೊಡಗಿನ ಮಳೆ ತಡೆಯಲಾಗದು, ಮಳೆ ಬಲಿಯುತ್ತಿದ್ದಂತೆ ಬಹುಪಾಲು ಹೊರಟುಹೋಗುತ್ತವೆ. ಏಲಕ್ಕಿ ಹೂವಿನ ಮೊದಲಿಗೆ ಅವು ಸಿಗಬಹುದು, ನಡುಮಳೆಗೆ ಲೆಕ್ಕಕ್ಕಿಡುವ ಹಾಗಿಲ್ಲ. ತುಡುವೆ ಹಾಗಲ್ಲ. ಮರದ ಪೊಟರೆ, ಹುತ್ತ, ಕಲ್ಲಿನ ಸಂದು, ಇಲ್ಲವೇ ನಾವಿಟ್ಟ ಪೆಟ್ಟಿಗೆ. ಎಲ್ಲಿದ್ದರೂ ಕತ್ತಲೆಯ ಬೆಚ್ಚಗಿನ ಗೂಡಿನಲ್ಲಿ ಅದು ಕಕ್ಕಡವನ್ನು ಕಳೆಯುತ್ತದೆ. ಮೋಡ ಮುಸುಕಿದ, ಚಳಿ ಹಿಡಿದ ಬೆಳಗಿನಲ್ಲೂ ಮಳೆ ಬಿಟ್ಟರೆ ಹೊರಬೀಳುತ್ತದೆ. ನನ್ನ ಪ್ರಶ್ನೆಗೆ ಉಳಿದರ್ಧ ಉತ್ತರ ಈ ಹುಳು.

ಅದಕ್ಕೂ ಏಲಕ್ಕಿ ಬೇಕು. ಕೊಡಗಿನಲ್ಲಿ ಜೇನಿನ ಸುಗ್ಗಿ ಮಾರ್ಚ್‌ನಿಂದ ಜೂನ್ ಮೊದಲವರೆಗೆ. ಆಮೇಲೆ ಬರಗಾಲ. ಮಳೆಯಲ್ಲಿ ಹೂ ಕಡಿಮೆ, ಇದ್ದರೂ ಹಾರಾಟಕ್ಕೆ ಬಿಡುವಿಲ್ಲ. ಜೇನು ಸಾಕುವವರು ಸಕ್ಕರೆ ಪಾಕ ಇಟ್ಟು ಕುಟುಂಬ ಉಳಿಸಿಕೊಳ್ಳುವ ಕಾಲ ಇದು. ಆಗ ನೆಲದ ಮೇಲೆ ದಿನದಿನವೂ ಒಂದಿಷ್ಟು ಹೂ ಬಿಡುವ ಏಲಕ್ಕಿ, ತುಡುವೆಯ ಪಾಲಿಗೆ ಮಳೆಗಾಲದ ಕಣಜ.

ಜೇನು ಸಾಕಣೆಯಲ್ಲಿ ಕೊಡಗಿಗೆ ಹೆಸರಿದೆ. ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಭಾಗಮಂಡಲದ ಜೇನು ಕೃಷಿ ಕೇಂದ್ರವನ್ನು ತಲಕಾವೇರಿಗೆ ಹೋಗುವ ಎಷ್ಟೋ ಜನ ನೋಡಿರುತ್ತಾರೆ. ಮನೆಮನೆಯ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಇದ್ದ ಕಾಲವೊಂದಿತ್ತು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆಗೆ ಬಡಿಯಿತು. ಮರಿಹುಳು ಕೋಶಾವಸ್ಥೆಗೆ ಹೋಗದೆ ಒಳಗೆಲ್ಲ ನೀರಾಗಿ, ಚಿಮಟದಲ್ಲಿ ಎತ್ತಿದರೆ ಪುಟ್ಟ ಚೀಲದ ಹಾಗೆ ಬರುತ್ತದೆ. ಅದಕ್ಕೇ ಆ ಹೆಸರು. ಒಂದೆರಡು ವರ್ಷದಲ್ಲಿ ಬಹುಪಾಲು ಕುಟುಂಬಗಳು ನಾಶವಾದವು, ಪೆಟ್ಟಿಗೆಗಳು ಅಟ್ಟ ಸೇರಿದವು. ಆಗ ಜನ ಮರುಗಿದ್ದು ಜೇನುತುಪ್ಪಕ್ಕೆ. ಪೆಟ್ಟಿಗೆ ಖಾಲಿಯಾದರೆ ಏಲಕ್ಕಿಯ ಗೊಂಚಲೂ ಖಾಲಿಯಾಗುತ್ತದೆ ಎಂಬುದು ಯಾರ ಲೆಕ್ಕದ ಪುಸ್ತಕದಲ್ಲೂ ಸೇರಲಿಲ್ಲ. ರೋಗ ತಾಳಿಕೊಂಡು ಕಾಡಿನಲ್ಲಿ ಉಳಿದ ಕುಟುಂಬಗಳಿಂದಲೇ ತುಡುವೆ ಮತ್ತೆ ಚಿಗುರಿತು. ಪೆಟ್ಟಿಗೆಯಲ್ಲಿ ಸಾಕಿದ್ದನ್ನು ಕಳೆದುಕೊಂಡ ಮೇಲೂ ನಮಗೆ ತುಡುವೆ ಉಳಿದಿರುವುದು ಕಾಡು ಇದ್ದುದರಿಂದ.

ಹುಳುವೇ ಇಲ್ಲದ ಬೆಳೆ ಹೇಗಿರುತ್ತದೆ ಎಂಬುದನ್ನು ಕೊಡಗು, ಮಲೆನಾಡುಗಳು ಕಣ್ಣಾರೆ ಕಂಡಿವೆ. 2000ದ ದಶಕದ ಮೊದಲಿಗೆ ವೆನಿಲ್ಲಾ ಹುಚ್ಚು ಹತ್ತಿತ್ತಲ್ಲ, ಆಗ. ಮೆಕ್ಸಿಕೋದ ಆ ಬಳ್ಳಿ ನಮ್ಮಲ್ಲಿಗೆ ಬಂತು, ಅದರ ದುಂಬಿ ಬರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಡ್ಡಿಯಲ್ಲಿ ಪೊರೆ ಎತ್ತಿ, ಹೆಬ್ಬೆರಳಿನಲ್ಲಿ ಪರಾಗ ಒತ್ತುವ ಉಪಾಯ ಕಂಡುಹಿಡಿದ. ಒಂದೂವರೆ ಶತಮಾನದ ನಂತರ ನಮ್ಮ ಮನೆಗಳ ಹೆಂಗಸರು, ಮಕ್ಕಳು ಬೆಳಿಗ್ಗೆ ಎದ್ದು ಅದನ್ನೇ ಮಾಡಿದರು, ಹೂವಿಗೊಂದು ಸಲ, ಮಧ್ಯಾಹ್ನದೊಳಗೆ. ಬೆಲೆ ಕುಸಿದ ಮೇಲೆ ಬಳ್ಳಿಯನ್ನು ಕೇಳುವವರಿಲ್ಲವಾಯಿತು. ಏಲಕ್ಕಿ ತೋಟದಲ್ಲಿ ಈ ಕೆಲಸವನ್ನು ಹುಳು ಸಂಬಳವಿಲ್ಲದೆ ಮಾಡುತ್ತಿದೆ. ಕೂಲಿ ಕೊಟ್ಟು ಮಾಡಿಸಿದವರಿಗೆ ಅದರ ಬೆಲೆ ಗೊತ್ತು.

ಬೆಲೆಯ ಮಾತು ಬಂತು, ಘಮದ ಮಾತೂ ಸೇರಲಿ. ಏಲಕ್ಕಿಯ ಪರಿಮಳ ಇರುವುದು ಸಿಪ್ಪೆಯಲ್ಲಲ್ಲ, ಬೀಜದಲ್ಲಿ. ಸಿನಿಯೋಲ್, ಟರ್ಪಿನೈಲ್ ಅಸಿಟೇಟ್ ಎಂಬ ಎಣ್ಣೆಯಂಶಗಳು ಸೇರಿ ಆಗುವ ಘಮ ಅದು. ಒಂದು ಕಾಯಿಯೊಳಗೆ ಮೂರು ಕೋಣೆ, ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ಬೀಜ. ಒಂದೊಂದು ಬೀಜವಾಗಲೂ ಶಲಾಕೆಯ ದಾರಿಯಲ್ಲಿ ಇಳಿದು ಬಂದ ಒಂದೊಂದು ಪರಾಗದ ಕಣ ಬೇಕು. ಹುಳು ಒಮ್ಮೆ ಅವಸರದಲ್ಲಿ ಬಂದು ಹೋದ ಹೂವಿಗೆ ಕಣ ಸಾಲದೆ ಕಾಯಿ ಸಣ್ಣದಾಗುತ್ತದೆ, ಬೀಜ ಕಡಿಮೆಯಾಗುತ್ತದೆ. ಪಾಯಸಕ್ಕೆ ಕುಟ್ಟಿ ಹಾಕುವ ಕಪ್ಪು ಕಾಳಿನಲ್ಲಿ ತುಡುವೆಯ ಬೆನ್ನಿನ ಸವರುವಿಕೆ ಇದೆ. ಮಡಿಕೇರಿ ಪಕ್ಕದ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಲ್ಲಿಂದ ಸುವಾಸಿನಿ, ಅವಿನಾಶ್, ವಿಜೇತದಂಥ ತಳಿಗಳು ಬಂದಿವೆ. ವಿಜೇತ ಕಟ್ಟೆ ರೋಗವನ್ನು ತಡೆದುಕೊಳ್ಳುತ್ತದೆ. ತಳಿ ಎಷ್ಟೇ ಒಳ್ಳೆಯದಾಗಲಿ, ಹೂವಿನ ಮುಂಜಾನೆಯನ್ನು ಅದು ತಾನೇ ದಾಟಲಾರದು. ಹೂವಿನ ಕಾಲಕ್ಕೆ ಹೆಕ್ಟೇರಿಗೆ ನಾಲ್ಕು ಜೇನು ಪೆಟ್ಟಿಗೆ ಇಡಿ ಎಂಬ ಶಿಫಾರಸು ಬಹಳ ಹಿಂದಿನಿಂದ ಇದೆ. ಇಟ್ಟವರು ಕಡಿಮೆ.

ಇಡದಿರಲು ಕಾರಣಗಳಿವೆ, ಕಳವಳಗಳೂ ಇವೆ. ಥ್ರಿಪ್ಸ್ ನುಸಿ ಎಳೆಕಾಯಿಯನ್ನು ಕೆರೆದು ಕಜ್ಜಿಯಾಗಿಸುತ್ತದೆ, ಕಜ್ಜಿ ಏಲಕ್ಕಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಅದಕ್ಕೆ ಔಷಧಿ ಹೊಡೆಯಬೇಕು, ಹೂ ಅರಳಿರುವಾಗಲೇ ಹೊಡೆಯಬೇಕಾಗುತ್ತದೆ. ಮಳೆ ಬಿಟ್ಟ ಹೊತ್ತೇ ಔಷಧಿಗೂ ಬೇಕು, ಜೇನಿಗೂ ಬೇಕು. ಇಬ್ಬರೂ ಒಂದೇ ಹೊಳವಿಗೆ ಕಾಯುತ್ತಿರುತ್ತಾರೆ. ಮಧ್ಯಾಹ್ನದ ಮೇಲೆ ಹೊಡೆದರೆ ಹುಳು ಎಷ್ಟೋ ಉಳಿಯುತ್ತದೆ, ಆದರೆ ಮಧ್ಯಾಹ್ನಕ್ಕೆ ಮತ್ತೆ ಮಳೆ ಬಂದರೆ ದುಡ್ಡು ನೀರಿಗೆ. ಬೆಳೆಗಾರನ ಈ ಇಕ್ಕಟ್ಟನ್ನು ಪೇಟೆಯಲ್ಲಿ ಕೂತು ಹಗುರವಾಗಿ ಆಡಬಾರದು. ಆದರೆ ಮರದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಹಳೆಯ ಹೊನ್ನೆ, ಮತ್ತಿ, ನೇರಳೆಗಳನ್ನು ಕಡಿದು ಸಿಲ್ವರ್ ಓಕ್ ಸಾಲು ಹಚ್ಚಿದ ತೋಟದಲ್ಲಿ ತುಡುವೆಗೆ ಪೊಟರೆ ಎಲ್ಲಿ ಸಿಗಬೇಕು? ನೆಟ್ಟಗಿನ ಆ ಎಳೆ ಕಾಂಡದಲ್ಲಿ ಒಂದು ಬೊಗಸೆ ಜಾಗವಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರಿನ ಕಡೆ ಗುಡ್ಡಗಳು ಜಾರಿದಾಗ ಹೂ ತುಂಬಿದ ಏಲಕ್ಕಿಯೂ ಕಾಫಿಯೂ ಮನೆಗಳೂ ಒಟ್ಟಿಗೆ ಕೊಚ್ಚಿಹೋದವು. ಆ ಇಳಿಜಾರಿನಲ್ಲಿ ಮಣ್ಣಿನೊಂದಿಗೆ ಹೋದ ಹುತ್ತ, ಪೊಟರೆಗಳನ್ನು ಎಣಿಸಿದವರಿಲ್ಲ.

ಅಂದು ಬೆಳಿಗ್ಗೆ ಹೊಳವು ನಲವತ್ತು ನಿಮಿಷ ಇತ್ತು. ಹತ್ತೂಕಾಲಕ್ಕೆ ಬೆಟ್ಟದ ಕಡೆಯಿಂದ ಮಳೆಯ ಸದ್ದು ಮೊದಲು ಬಂತು, ಅದರ ಹಿಂದೆ ಮಳೆ. ಹುಳುಗಳು ನನಗಿಂತ ಮೊದಲೇ ಹೋಗಿದ್ದವು. ಕೊನೆಯದೊಂದು ನನ್ನ ಮುಂದಿನ ಹೂವಿನಿಂದ ಹೊರಬಂದು, ತುಟಿಯ ಅಂಚಿನಲ್ಲಿ ಮುಂಗಾಲಿನಿಂದ ಕಣ್ಣೊರೆಸಿಕೊಂಡು, ಓರೆಯಾಗಿ ಮೇಲಕ್ಕೆ ಏರಿತು.

ಅದೇ ತೋಟಕ್ಕೆ ತುಲಾ ಸಂಕ್ರಮಣ ಕಳೆದು ಮೂರು ವಾರಕ್ಕೆ ಮತ್ತೆ ಹೋದೆ. ಎರಡನೇ ಕೊಯ್ಲು ನಡೆಯುತ್ತಿತ್ತು. ಬುಡದಲ್ಲಿ ಕೂತು ಕಾಯಿ ಬಿಡಿಸುತ್ತಿದ್ದ ಅಕ್ಕನ ಪಕ್ಕ ನಾನೂ ಕೂತೆ. ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಅವರು ನೋಡುತ್ತಿರಲಿಲ್ಲ, ಬೆರಳಿಗೇ ಗೊತ್ತಿತ್ತು. ಒಂದು ಗೊಂಚಲನ್ನು ಎತ್ತಿ ನನ್ನ ಕಡೆ ಹಿಡಿದರು. ಬುಡದಲ್ಲಿ ಕಾಯಿ ಒತ್ತಾಗಿತ್ತು, ಆಮೇಲೆ ನಾಲ್ಕೈದು ಗಿಣ್ಣು ಹೆಚ್ಚುಕಡಿಮೆ ಬರಿದು, ಒಂದೆರಡು ಕಾಯಿ ಮಾತ್ರ, ಅದರಾಚೆ ಮತ್ತೆ ತುಂಬಿತ್ತು. ಗಿಣ್ಣಿನ ಮೊಗ್ಗುಗಳು ವಾರಗಟ್ಟಲೆ ಸರದಿಯಲ್ಲಿ ಅರಳುವುದರಿಂದ ದಿನ ಲೆಕ್ಕ ಹಾಕಿ ಓದಲಾಗುವುದಿಲ್ಲ, ಆದರೂ ಆ ಬರಿದಾದ ತುಂಡು ಎದ್ದು ಕಾಣುತ್ತಿತ್ತು.

“ಇದು ಪುಷ್ಯ ಮಳೆ,” ಎಂದು ಅಕ್ಕ ಬರಿಗಿಣ್ಣುಗಳ ಮೇಲೆ ಹೆಬ್ಬೆರಳು ಎಳೆದರು. “ಎಂಟು ದಿನ ಬಿಡ್ಲೇ ಇಲ್ಲ ನೋಡಿ. ನೀವು ಬಂದಿದ್ರಲ್ಲ, ಆ ಒಂದು ದಿನ ಸ್ವಲ್ಪ ಹೊಳವಾಗಿತ್ತು.”

ಆ ತುಂಡಿನ ಮೇಲೆ ಒಂಟಿಯಾಗಿ ನಿಂತಿದ್ದ ಎರಡು ಕಾಯಿಯಲ್ಲಿ ಒಂದನ್ನು ಅವರು ಚಿವುಟಿ ನನ್ನ ಅಂಗೈಗೆ ಹಾಕಿದರು. ಇನ್ನೊಂದು ಬಲಿತಿರಲಿಲ್ಲ, ಬಿಟ್ಟರು.